ಅಮ್ಮನ ವೀಣೆ ರೆಕಾರ್ಡ್ ಮಾಡಬೇಕು: ಲಿನಕ್ಸ್‌ಗೆ ಯಾವ ಸೌಂಡ್ ಕಾರ್ಡ್ ತಗೊಳ್ಳಲಿ?

ವೀಣೆಮನೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ನಲವತ್ತು ವರ್ಷದಿಂದ ವೀಣೆ ಪಾಠ ಹೇಳಿಕೊಡುತ್ತಿದ್ದಾರೆ. ಈಗ ಅವರಿಗೆ ಎಪ್ಪತ್ತೆರಡು. ಬೆರಳು ಇನ್ನೂ ಚೆನ್ನಾಗಿ ಓಡುತ್ತದೆ, ಆದರೆ ಅರ್ಧ ಗಂಟೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ಅವರ ಗುರುಗಳ ಕಡೆಯಿಂದ ಬಂದ ಕೆಲವು ಪಾಠಾಂತರಗಳನ್ನು ಯಾರೂ ಬರೆದಿಟ್ಟಿಲ್ಲ. ಎಲ್ಲ ಅಮ್ಮನ ಕೈಯಲ್ಲೇ ಇದೆ. ಈ ವರ್ಷ ಅಷ್ಟನ್ನೂ ರೆಕಾರ್ಡ್ ಮಾಡಿಡಬೇಕು ಅಂತ ಹಟ ಹಿಡಿದಿದ್ದೇನೆ.

ಮೊಬೈಲ್‌ನಲ್ಲಿ ಮಾಡಿ ನೋಡಿದೆ. ಮೀಟು ಕೇಳುತ್ತದೆ, ಆದರೆ ಗಮಕದ ಬಾಲವನ್ನು ಫೋನು ಗದ್ದಲ ಅಂದುಕೊಂಡು ನುಂಗಿಬಿಡುತ್ತದೆ. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಮೈಕ್ ಚುಚ್ಚಿದರೆ ಉದ್ದಕ್ಕೂ "ಶ್‌ಶ್" ಅನ್ನುವ ಸದ್ದು.

ನನ್ನ ಹತ್ತಿರ ಇರುವುದು ಹಳೇ ಲ್ಯಾಪ್‌ಟಾಪ್, 8 ಜಿಬಿ ಮೆಮೊರಿ, ಡೆಬಿಯನ್ 12 ಅನ್ನುವ ಲಿನಕ್ಸ್. ರೆಕಾರ್ಡಿಂಗ್ ತಂತ್ರಾಂಶಗಳಾದ ಆರ್ಡೌರ್ ಮತ್ತು ಆಡಾಸಿಟಿ ಎರಡೂ ಹಾಕಿಕೊಂಡಿದ್ದೇನೆ. ವೀಣೆಗೆ ಅಂಟಿಸಿ ಅದರ ಕಂಪನವನ್ನೇ ಹಿಡಿಯುವ ಪಿಕಪ್ ಒಂದಿದೆ. ಮೈಕ್ ಬಿಟ್ಟು ಕಾರ್ಡಿಗೆ 15,000 ರೂಪಾಯಿವರೆಗೆ ಕೊಡಬಲ್ಲೆ. ಅಂಗಡಿಯಲ್ಲಿ ಕೇಳಿದರೆ "ಮೊದಲು ವಿಂಡೋಸ್ ಹಾಕಿಸಿ ಮೇಡಂ" ಅಂದರು. ಅದು ಬೇಡ. ಇಪ್ಪತ್ತು ವರ್ಷ ಆದ ಮೇಲೆ ನನ್ನ ಮಗಳು ಈ ಫೈಲು ತೆರೆಯುವಾಗ ಯಾರ ಲೈಸೆನ್ಸೂ ಕೇಳಬಾರದು. ಯಾವ ಕಾರ್ಡ್ ತಗೊಳ್ಳಲಿ?

ಕೆರೆದಂಡೆ (ಮೈಸೂರು)

ಮೇಡಂ, ತುಂಬಾ ಒಳ್ಳೇ ಕೆಲಸ. ಕಾರ್ಡಿನ ಹೆಸರು ಆಮೇಲೆ ನೋಡೋಣ. ಮೊದಲು ಎರಡೇ ಎರಡು ವಿಷಯ.

ಒಂದು, ಕಾರ್ಡ್ "ಕ್ಲಾಸ್ ಕಂಪ್ಲೈಂಟ್" ಆಗಿರಬೇಕು. ಯುಎಸ್‌ಬಿ ಆಡಿಯೋಗೆ ಎಲ್ಲರೂ ಒಪ್ಪಿಕೊಂಡ ಒಂದು ಭಾಷೆ ಇದೆ. ಕಾರ್ಡು ಆ ಭಾಷೆ ಆಡಿದರೆ ಸಾಕು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಆಲ್ಸಾ ಅನ್ನುವ ಧ್ವನಿ ವ್ಯವಸ್ಥೆ ಇದೆ, ಅದರಲ್ಲಿ ಯುಎಸ್‌ಬಿ ಆಡಿಯೋ ಡ್ರೈವರ್ ಮೊದಲೇ ಸೇರಿಕೊಂಡಿರುತ್ತದೆ. ಸಿಡಿ ಬೇಡ, ಡೌನ್‌ಲೋಡ್ ಬೇಡ. ಚುಚ್ಚಿದ ಕೂಡಲೇ ಕಾರ್ಡ್ ಕಾಣಿಸುತ್ತದೆ. ಡಬ್ಬದ ಮೇಲೆ ಲಿನಕ್ಸ್ ಅಂತ ಯಾರೂ ಬರೆಯುವುದಿಲ್ಲ. ಅದಕ್ಕೆ ನಾನು ಬೇರೆ ಸಾಲು ಹುಡುಕುತ್ತೇನೆ: "ಐಪ್ಯಾಡ್ ಜೊತೆ ಕೆಲಸ ಮಾಡುತ್ತದೆ" ಅಂತ ಇದೆಯಾ? ಐಪ್ಯಾಡ್‌ಗೆ ಕಂಪನಿಯ ಡ್ರೈವರ್ ಹಾಕುವ ಅವಕಾಶ ಇರಲಿಲ್ಲ. ಅಲ್ಲಿ ನಡೆಯಬೇಕಾದರೆ ಕಾರ್ಡ್ ಆ ಸಾಮಾನ್ಯ ಭಾಷೆಯನ್ನೇ ಆಡಬೇಕು. ಹಾಗಾಗಿ ಆ ಸಾಲು ಕಂಡರೆ ಹೆಚ್ಚುಕಮ್ಮಿ ಲಿನಕ್ಸ್‌ನಲ್ಲೂ ನಡೆಯುತ್ತದೆ ಅಂತ ಲೆಕ್ಕ.

ಎರಡು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಕಾರ್ಡಿನ ಎಲ್ಲಾ ಗುಂಡಿಯೂ ಕಾರ್ಡಿನ ಮೈಮೇಲೇ ಇರಬೇಕು. ಗೇನ್ (ಒಳಬರುವ ಧ್ವನಿಯನ್ನು ಏರಿಸುವುದು) ತಿರುಗಿಸುವ ಗುಂಡಿ, 48 ವೋಲ್ಟ್ ಸ್ವಿಚ್ (ಕಂಡೆನ್ಸರ್ ಅನ್ನುವ ಸೂಕ್ಷ್ಮ ಮೈಕಿಗೆ ಕರೆಂಟ್ ಕೊಡುವುದು), ಹೆಡ್‌ಫೋನ್ ವಾಲ್ಯೂಮ್, ಡೈರೆಕ್ಟ್ ಮಾನಿಟರಿಂಗ್ (ನುಡಿಸಿದ್ದನ್ನು ಕಾರ್ಡಿನಿಂದಲೇ ಕೇಳುವುದು), ಎಲ್ಲವೂ ಕೈಗೆ ಸಿಗಬೇಕು. ಕೆಲವು ಕಾರ್ಡುಗಳಲ್ಲಿ ಇವೆಲ್ಲ ಕಂಪನಿಯ ಸಾಫ್ಟ್‌ವೇರ್ ಒಳಗೆ ಕೂತಿರುತ್ತವೆ, ಆ ಸಾಫ್ಟ್‌ವೇರ್ ಲಿನಕ್ಸ್‌ಗೆ ಇರುವುದಿಲ್ಲ. ನಾನು ಹಾಗೆ ಒಂದು ತಂದು ಕೈ ಸುಟ್ಟುಕೊಂಡಿದ್ದೇನೆ. ಧ್ವನಿ ಸೊಗಸಾಗಿ ಬರುತ್ತಿತ್ತು. ಆದರೆ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಆನ್ ಮಾಡಲು ಪ್ರತಿ ಸಲ ತಮ್ಮನ ವಿಂಡೋಸ್ ಲ್ಯಾಪ್‌ಟಾಪ್ ಬೇಕಾಗುತ್ತಿತ್ತು. ಆರು ತಿಂಗಳಲ್ಲಿ ಮಾರಿಬಿಟ್ಟೆ.

ನಿಮ್ಮ ಬಜೆಟ್‌ಗೆ ಈ ಎರಡೂ ಗುಣ ಇರುವ ಕಾರ್ಡು ಅಂದರೆ ಬೆಹ್ರಿಂಗರ್ ಯುಎಂಸಿ202ಎಚ್‌ಡಿ. ಎರಡು ಮೈಕ್ ಇನ್‌ಪುಟ್, 24 ಬಿಟ್ (ಬಿಟ್ ಜಾಸ್ತಿ ಆದಷ್ಟೂ ಧ್ವನಿಯ ಅಳತೆ ಸೂಕ್ಷ್ಮ). ಇದರ ತಮ್ಮನಂತೆ ಕಾಣುವ ಯುಎಂಸಿ22 ಬೇಡ, ಅದು 16 ಬಿಟ್‌ಗೇ ನಿಲ್ಲುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಕೂಡ ಒಳ್ಳೆಯದೇ. ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡಿದ್ದರೆ ಮೋಟು ಎಂ2. ಅದರ ಮುಖದ ಮೇಲಿರುವ ಲೆವೆಲ್ ಪರದೆ ತುಂಬಾ ಉಪಯೋಗ.

ಕೀಬೋರ್ಡ್ ಹುಡುಗ (ಬೆಂಗಳೂರು)

ಕೆರೆದಂಡೆ ಸರ್, ಲೇಟೆನ್ಸಿ, ಅಂದರೆ ಸದ್ದು ತಡವಾಗಿ ಬರುವುದರ ಬಗ್ಗೆ ಒಂದು ಮಾತೂ ಹೇಳಲಿಲ್ಲವಲ್ಲ? ಸಂಗೀತಕ್ಕೆ ಅದೇ ಮುಖ್ಯ ಅಲ್ವಾ? ನಾನು ಕೀಬೋರ್ಡ್ ಒತ್ತಿದ ಮೇಲೆ ಪಿಯಾನೋ ಸದ್ದು ತಡವಾಗಿ ಬಂದರೆ ಕೈಯೇ ಓಡುವುದಿಲ್ಲ. ರಿಯಲ್‌ಟೈಮ್ ಕರ್ನಲ್ (ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ಕರ್ನಲ್) ಹಾಕಿ, ಬಫರ್ 64ಕ್ಕೆ ಇಳಿಸಿ, ಆಮೇಲೆ ಕಾರ್ಡ್ ಆರಿಸಿ ಅಂತ ನನ್ನ ಸಲಹೆ.

ಕೆರೆದಂಡೆ (ಮೈಸೂರು)

ತಮ್ಮಾ, ನಿನಗೆ ಅದು ಮುಖ್ಯ. ಅವರ ಅಮ್ಮನಿಗೆ ಅಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಕಾರ್ಡ್ ಒಂದು ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯುತ್ತದೆ ಅಂತ ಇಟ್ಟುಕೋ. ಅಳತೆಗಳನ್ನು ಒಂದೊಂದಾಗಿ ಸಾಗಿಸುವುದಿಲ್ಲ, ಬುಟ್ಟಿ ತುಂಬಿದ ಮೇಲೆ ಸಾಗಿಸುತ್ತದೆ. ಆ ಬುಟ್ಟಿಯೇ ಬಫರ್. ಬಫರ್ 256, ಅಂಥ ಬುಟ್ಟಿ ಎರಡು ಇದ್ದರೆ 512ನ್ನು 48,000ದಿಂದ ಭಾಗಿಸು. ಸುಮಾರು 10.7 ಮಿಲಿಸೆಕೆಂಡ್. 64ರ ಮೂರು ಬುಟ್ಟಿ ಆದರೆ 4 ಮಿಲಿಸೆಕೆಂಡ್.

ಈಗ ಕಚೇರಿ ವೇದಿಕೆ ನೆನಪಿಸಿಕೋ. ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಮೃದಂಗದವರು ಗಾಯಕರಿಂದ ಎರಡು ಮೀಟರ್ ದೂರ ಕೂತಿದ್ದರೆ ಅಲ್ಲೇ ಸುಮಾರು 6 ಮಿಲಿಸೆಕೆಂಡ್ ತಡ ಇದೆ. ಯಾರಿಗೂ ಅದರಿಂದ ತಾಳ ತಪ್ಪುವುದಿಲ್ಲ. ನೀನು ಕೀಬೋರ್ಡ್ ನುಡಿಸುವಾಗ ಸ್ವರ ಹುಟ್ಟುವುದೇ ಕಂಪ್ಯೂಟರ್ ಒಳಗೆ, ಹಾಗಾಗಿ ನಿನಗೆ ಬಫರ್ ಚಿಕ್ಕದಿರಬೇಕು. ವೀಣೆಯ ಸ್ವರ ತಂತಿಯಲ್ಲೇ ಹುಟ್ಟುತ್ತದೆ. ಅಮ್ಮ ಅದನ್ನು ನೇರವಾಗಿ ಕಿವಿಯಲ್ಲಿ ಕೇಳುತ್ತಾರೆ. ಹೆಡ್‌ಫೋನ್ ಹಾಕಿಕೊಂಡರೂ ಡೈರೆಕ್ಟ್ ಮಾನಿಟರಿಂಗ್‌ನಲ್ಲಿ ಧ್ವನಿ ಕಾರ್ಡಿನಿಂದಲೇ ವಾಪಸ್ ಬರುತ್ತದೆ, ಕಂಪ್ಯೂಟರ್ ಸುತ್ತಿ ಬರುವುದಿಲ್ಲ. ಅಲ್ಲಿ ಲೇಟೆನ್ಸಿ ಪ್ರಶ್ನೆಯೇ ಇಲ್ಲ. ಬಫರ್ 1024 ಇಟ್ಟರೂ ಸರಿ. ಹಳೇ ಲ್ಯಾಪ್‌ಟಾಪ್‌ಗೆ ಅದೇ ಒಳ್ಳೆಯದು. ಎಕ್ಸ್‌ರನ್, ಅಂದರೆ ಕಂಪ್ಯೂಟರ್ ಹಿಂದೆ ಬಿದ್ದು ಧ್ವನಿ ತುಂಡಾಗುವುದು, ಬರುವುದಿಲ್ಲ. ರೆಕಾರ್ಡ್ ಮಧ್ಯೆ "ಟಿಕ್" ಅಂತ ಒಂದು ಎಕ್ಸ್‌ರನ್ ಬಿದ್ದರೆ ಆ ಕೃತಿ ಮತ್ತೆ ನುಡಿಸಬೇಕು, ಎಪ್ಪತ್ತೆರಡು ವರ್ಷದವರು.

ರಿಯಲ್‌ಟೈಮ್ ಕರ್ನಲ್ ಬಗ್ಗೆಯೂ ಒಂದು ಮಾತು. ಬೇರೆ ಪ್ಯಾಚ್ ಆಗಿ ಬಹಳ ವರ್ಷ ಇದ್ದದ್ದು 2024ರಲ್ಲಿ 6.12ನೇ ಕರ್ನಲ್‌ಗೆ ಸೇರಿತು. ಆ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಎರಡು ಟ್ರ್ಯಾಕ್ ರೆಕಾರ್ಡ್ ಮಾಡಲು ಸಾಮಾನ್ಯ ಕರ್ನಲ್ ಧಾರಾಳ ಸಾಕು.

ಕೀಬೋರ್ಡ್ ಹುಡುಗ (ಬೆಂಗಳೂರು)

ಸರಿ ಸರ್, ಒಪ್ಪಿದೆ. ಎರಡು ಮೀಟರ್ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಚಂಡೆಮದ್ದಳೆ (ಉಡುಪಿ)

ಅಕ್ಕಾ, ನಾವು ಯಕ್ಷಗಾನದ ಹಿಮ್ಮೇಳ ರೆಕಾರ್ಡ್ ಮಾಡುವವರು. ನನ್ನದೊಂದು ಪ್ರಶ್ನೆ: ನೀವು ವೀಣೆ ಒಂದೇ ಹಿಡಿಯುವುದಾ, ಪಕ್ಕವಾದ್ಯವೂ ಉಂಟಾ? ನಾವು ಮೊದಲು ಎರಡು ಇನ್‌ಪುಟ್ಟಿನ ಕಾರ್ಡ್ ತಂದೆವು. ಭಾಗವತರಿಗೆ ಒಂದು, ಮದ್ದಳೆಗೆ ಒಂದು. ಚಂಡೆಗೆ ಇಲ್ಲ! ಆಮೇಲೆ ಅದೇ ತರಹದ್ದು ಇನ್ನೊಂದು ತಂದು ಎರಡನ್ನೂ ಒಂದೇ ಲ್ಯಾಪ್‌ಟಾಪ್‌ಗೆ ಚುಚ್ಚಿದೆವು. ಹದಿನೈದು ನಿಮಿಷದ ಪ್ರಸಂಗದ ಕೊನೆಗೆ ಬರುವಾಗ ಚಂಡೆ ಒಂದು ಕಡೆ, ಮದ್ದಳೆ ಒಂದು ಕಡೆ. ಪ್ರತಿ ಕಾರ್ಡಿನ ಒಳಗೂ ಅದರದ್ದೇ ಗಡಿಯಾರ ಇರುತ್ತದೆ. ಎರಡೂ 48,000 ಅಂತ ಹೇಳಿದರೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಹೊತ್ತು ಕಳೆದ ಹಾಗೆ ಅದು ಬೆಳೆಯುತ್ತದೆ. ಈಗ ಲಿನಕ್ಸ್‌ನಲ್ಲಿ ಧ್ವನಿ ಸಾಗಿಸುವ ಪೈಪ್‌ವೈರ್ ಅನ್ನುವ ತಂತ್ರಾಂಶ ಅದನ್ನು ಆಗಾಗ ಹೊಂದಿಸಿಕೊಂಡು ಹೋಗುತ್ತದೆ, ಆದರೂ ಉಳಿಸಿಡುವ ರೆಕಾರ್ಡಿಂಗಿಗೆ ನಾನು ಅದನ್ನು ನಂಬುವುದಿಲ್ಲ. ಎಷ್ಟು ಮೈಕ್ ಬೇಕೋ ಅಷ್ಟೂ ಒಂದೇ ಕಾರ್ಡಿಗೆ ಬರಬೇಕು.

ಈಗ ನಾಲ್ಕು ಮೈಕಿನ ಯುಎಂಸಿ404ಎಚ್‌ಡಿ ಇಟ್ಟುಕೊಂಡಿದ್ದೇವೆ. ಚಂಡೆ ಎಷ್ಟು ಜೋರು ಅಂತ ನಿಮಗೆ ಗೊತ್ತಲ್ಲ. ಅದಕ್ಕೆ ಕಾರ್ಡಿನಲ್ಲಿ ಸಿಗ್ನಲ್ ತಗ್ಗಿಸುವ ಪ್ಯಾಡ್ ಗುಂಡಿ ಒತ್ತಲೇಬೇಕು, ಕಂಡೆನ್ಸರ್ ಬಿಟ್ಟು ಜೋರು ಸದ್ದು ತಡೆಯುವ ಡೈನಮಿಕ್ ಮೈಕ್ ಇಡಬೇಕು. ವೀಣೆಗೆ ಅಂಥ ತೊಂದರೆ ಇಲ್ಲ, ಉಲ್ಟಾ ತೊಂದರೆ.

ವೀಣೆಮನೆ (ಶಿವಮೊಗ್ಗ)

ವೀಣೆ ಒಂದೇ ತಮ್ಮಾ. ಅಮ್ಮ ಬಾಯಲ್ಲಿ ಸಾಹಿತ್ಯ ಹೇಳಿ ಆಮೇಲೆ ನುಡಿಸುತ್ತಾರೆ, ಮಧ್ಯೆ ಮಾತು ಬರುತ್ತದೆ. ಆ ಮಾತೂ ಬೇಕು ನನಗೆ. ಪಿಕಪ್ ಒಂದು, ಮೈಕ್ ಒಂದು ಅಂದರೆ ಎರಡು ಇನ್‌ಪುಟ್ ಸಾಕು ಅನ್ನಿಸುತ್ತದೆ. "ಉಲ್ಟಾ ತೊಂದರೆ" ಅಂದರೇನು?

ಚಂಡೆಮದ್ದಳೆ (ಉಡುಪಿ)

ವೀಣೆ ಮೆಲು ದನಿಯ ವಾದ್ಯ ಅಲ್ವಾ ಅಕ್ಕಾ. ಗೇನ್ ಜಾಸ್ತಿ ಏರಿಸಬೇಕಾಗುತ್ತದೆ. ಆಗ ಕಾರ್ಡಿನ ಸ್ವಂತ ಸದ್ದೂ ಮೇಲೆ ಬರುತ್ತದೆ. ಅದಕ್ಕೆ ವೀಣೆಗೆ ಕಂಡೆನ್ಸರ್ ಮೈಕೇ ಸರಿ, ಅದರಿಂದ ಸಿಗ್ನಲ್ ದೊಡ್ಡದಾಗಿ ಬರುತ್ತದೆ.

ಹಳೇಪೆಟ್ಟಿಗೆ (ಧಾರವಾಡ)

ನಮಸ್ಕಾರ್ರಿ. ನಾನು ಹಾರ್ಮೋನಿಯಂ ಮತ್ತು ತಬಲಾ ರೆಕಾರ್ಡ್ ಮಾಡುತ್ತೇನೆ. ನನ್ನ ಡೆಸ್ಕ್‌ಟಾಪ್‌ನಲ್ಲಿ ಇವತ್ತಿಗೂ ಎಂ-ಆಡಿಯೋ ಆಡಿಯೋಫೈಲ್ 2496 ಇದೆ. ಕಂಪ್ಯೂಟರ್ ಒಳಗಿನ ಸ್ಲಾಟಿಗೆ ಕೂರಿಸುವ ಪಿಸಿಐ ಕಾರ್ಡು, ಅದರಲ್ಲಿ ಎನ್ವಿ24 ಚಿಪ್. ಲಿನಕ್ಸ್‌ನಲ್ಲಿ ಅದರ ಮಿಕ್ಸರ್‌ಗೆ ಬೇರೆ ತಂತ್ರಾಂಶವೇ ಇದೆ. ಹೊಸಬರಿಗೆ ಇದನ್ನು ತಗೊಳ್ಳಿ ಅನ್ನುವುದಿಲ್ಲ, ಹೊಸ ಮದರ್‌ಬೋರ್ಡಿನಲ್ಲಿ ಆ ಸ್ಲಾಟೇ ಸಿಗುವುದಿಲ್ಲ. ಆದರೆ ಒಂದು ವಿಚಾರ ನೋಡ್ರಿ. ಕಂಪನಿ ಎಂದೋ ಇದನ್ನು ಕೈಬಿಟ್ಟಿತು. ನನ್ನ ಕಾರ್ಡು ಇನ್ನೂ ನಡೀತದ, ಯಾಕಂದ್ರ ಡ್ರೈವರ್ ಕರ್ನಲ್ ಒಳಗೇ ಅದ. ಅಮ್ಮನವರ ಮೊಮ್ಮಗಳ ಕಾಲಕ್ಕೂ ಬೇಕು ಅಂತ ನೀವು ಹೇಳಿದ್ದು ಫೈಲಿಗೆ. ಕಾರ್ಡಿಗೂ ಆ ಮಾತು ಸಲ್ಲುತ್ತದೆ.

ಕಡಲಾಚೆ (ಮಂಗಳೂರು)

ಸೆಕೆಂಡ್ ಹ್ಯಾಂಡ್ ನೋಡಿ ಮೇಡಂ. ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನದ್ದು ಸಿಗುತ್ತದೆ. ಸ್ಕಾರ್ಲೆಟ್ ಮೂರನೇ ತಲೆಮಾರಿನ 2ಐ2 ಈಗ ಬಹಳ ಜನ ಮಾರುತ್ತಿದ್ದಾರೆ, ಯಾಕೆಂದರೆ 2023ರಲ್ಲಿ ನಾಲ್ಕನೇದು ಬಂತು. ಹಳೇದನ್ನೇ ತಗೊಳ್ಳಿ.

ಕೆರೆದಂಡೆ (ಮೈಸೂರು)

ಕಡಲಾಚೆಯವರು ಹೇಳಿದ್ದು ಒಳ್ಳೇ ದಾರಿ. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಸ್ಕಾರ್ಲೆಟ್ ವಿಷಯದಲ್ಲಿ ಕರ್ನಲ್ ನಂಬರ್ ನೋಡಬೇಕು.

ಈ ಸ್ಕಾರ್ಲೆಟ್ ಕಾರ್ಡುಗಳ ಒಳಗಿನ ಸ್ವಿಚ್‌ಗಳನ್ನು ಲಿನಕ್ಸ್‌ನಿಂದ ನಡೆಸುವ ಡ್ರೈವರ್ ಬರೆದವರು ಜೆಫ್ರಿ ಬೆನೆಟ್. ಅವರೇ ಆಲ್ಸಾ ಸ್ಕಾರ್ಲೆಟ್ ಅನ್ನುವ ಕಿಟಕಿ ಇರುವ ತಂತ್ರಾಂಶವನ್ನೂ ಕೊಟ್ಟಿದ್ದಾರೆ. ಮೂರನೇ ತಲೆಮಾರಿಗೆ 5.14ನೇ ಕರ್ನಲ್‌ನಲ್ಲಿ ಬೆಂಬಲ ಬಂತು. ನಾಲ್ಕನೇದಕ್ಕೆ 6.8ರಲ್ಲಿ. ಮೇಡಂ ಅವರ ಡೆಬಿಯನ್ 12ರಲ್ಲಿ ಇರುವುದು 6.1. ಅಂದರೆ ಮೂರನೇದನ್ನು ಈ ಲ್ಯಾಪ್‌ಟಾಪ್ ಗುರುತಿಸುತ್ತದೆ. ಆದರೆ 6.7ಕ್ಕಿಂತ ಹಿಂದಿನ ಕರ್ನಲ್‌ನಲ್ಲಿ ಈ ನಿಯಂತ್ರಣಗಳು ತಾನಾಗಿ ಆನ್ ಆಗುವುದಿಲ್ಲ, ಒಂದು ಫೈಲಿನಲ್ಲಿ ಒಂದು ಸಾಲು ಬರೆದು ಆನ್ ಮಾಡಬೇಕು. ಸುಮ್ನೆ ರೆಕಾರ್ಡ್ ಮಾಡಲು ಅದೂ ಬೇಕಿಲ್ಲ.

ಇನ್ನೊಂದು. ಹೊಸ ಡಬ್ಬದಿಂದ ತೆಗೆದ ಮೂರನೇ ತಲೆಮಾರಿನ ಕಾರ್ಡು ಕಂಪ್ಯೂಟರ್‌ಗೆ ಪೆನ್‌ಡ್ರೈವ್ ತರಹವೂ ಕಾಣಿಸುತ್ತದೆ. ನೋಂದಣಿ ಪುಟ ತೋರಿಸಲು ಹಾಗೆ ಮಾಡಿದ್ದಾರೆ. ಗಾಬರಿ ಬೇಡ. 48 ವೋಲ್ಟ್ ಗುಂಡಿ ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಚುಚ್ಚಿ, ಐದು ಸೆಕೆಂಡ್ ಬಿಟ್ಟು ಕೈ ತೆಗೆಯಿರಿ, ಒಮ್ಮೆ ಕಿತ್ತು ಮತ್ತೆ ಚುಚ್ಚಿ. ಆ ಅವತಾರ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋಗಿ. ಕಾರ್ಡ್ ಚುಚ್ಚಿ, ಟರ್ಮಿನಲ್‌ನಲ್ಲಿ arecord -l ಅಂತ ಕಮಾಂಡ್ ಕೊಡಿ (ಕೊನೆಯದು ಸಣ್ಣ ಎಲ್). ಕಾರ್ಡಿನ ಹೆಸರು ಬರಬೇಕು. ಆಮೇಲೆ ಎರಡೂ ಇನ್‌ಪುಟ್ಟಿಗೆ ಮೈಕ್ ಹಾಕಿ, ಗೇನ್ ಗುಂಡಿಯನ್ನು ಸೊನ್ನೆಯಿಂದ ತುದಿವರೆಗೆ ನಿಧಾನಕ್ಕೆ ತಿರುಗಿಸಿ ಕೇಳಿ. ಕರಕರ ಅಂದರೆ ಒಳಗೆ ಸವೆದಿದೆ ಅಂತ ಅರ್ಥ, ಬಿಟ್ಟುಬಿಡಿ.

ಯುಎಸ್‌ಬಿ ಬಿಟ್ಟು ಫೈರ್‌ವೈರ್, ಥಂಡರ್‌ಬೋಲ್ಟ್ ಅನ್ನುವ ಬೇರೆ ಜೋಡಣೆಯ ಕಾರ್ಡುಗಳು ಅಗ್ಗಕ್ಕೆ ಸಿಕ್ಕರೂ ಈ ಕೆಲಸಕ್ಕೆ ಬೇಡ.

ವೀಣೆಮನೆ (ಶಿವಮೊಗ್ಗ)

ಸೆಕೆಂಡ್ ಹ್ಯಾಂಡ್ ನಮ್ಮ ಊರಲ್ಲಿ ಸಿಗಲಿಲ್ಲ. ಯುಎಂಸಿ202ಎಚ್‌ಡಿ ಹೊಸದು ತರಿಸಿದೆ. ಚುಚ್ಚಿದ ಕೂಡಲೇ ಕಂಡಿತು, ನೀವು ಹೇಳಿದ ಹಾಗೇ. ತುಂಬಾ ಖುಷಿ ಆಯಿತು.

ಈಗ ಎರಡು ತೊಂದರೆ. ಪಿಕಪ್ ಸದ್ದು ತೆಳ್ಳಗೆ, ತಗಡು ಬಡಿದ ಹಾಗೆ. ಅನುಮಂದ್ರದ ತಂತಿ ಕೇಳಿಸುವುದೇ ಇಲ್ಲ. ಇನ್ನೊಂದು, ಹಿಂದೆ ಒಂದು "ಗುಂಯ್" ಅನ್ನುವ ಸದ್ದು. ಅಮ್ಮ ಮೊದಲು ಕೇಳಿದಾಗ ಶ್ರುತಿ ಪೆಟ್ಟಿಗೆ ಆಫ್ ಮಾಡು ಅಂದರು. ಅದು ಆಫ್ ಆಗೇ ಇತ್ತು.

ಕೆರೆದಂಡೆ (ಮೈಸೂರು)

ಪಿಕಪ್‌ದು ಸುಲಭ. ಅದು ಪೀಜೋ ಪಿಕಪ್ ಇರಬೇಕು. ಪೀಜೋ ಅಂದರೆ ಬಹಳ ಸೂಕ್ಷ್ಮ, ಮುಂದಿನ ಸಾಧನ ಅದರಿಂದ ಕರೆಂಟ್ ಎಳೆದರೆ ಮೊದಲು ಸೊರಗುವುದೇ ಕೆಳಗಿನ ಸ್ವರಗಳು. ಕಾರ್ಡಿನ ಇನ್‌ಪುಟ್ ಪಕ್ಕದಲ್ಲಿ ಲೈನ್ ಮತ್ತು ಇನ್‌ಸ್ಟ್ ಅನ್ನುವ ಗುಂಡಿ ಇದೆ. ಲೈನ್‌ನಲ್ಲಿದ್ದರೆ ಇನ್‌ಸ್ಟ್‌ಗೆ ಒತ್ತಿ. ಅಲ್ಲಿ ಇನ್‌ಪುಟ್ಟಿನ ತಡೆ ಮೆಗಾಓಮ್ ಲೆಕ್ಕದಲ್ಲಿರುತ್ತದೆ, ಪಿಕಪ್‌ಗೆ ಭಾರ ಬೀಳುವುದಿಲ್ಲ. ಮಂದ್ರ ವಾಪಸ್ ಬರುತ್ತದೆ.

"ಗುಂಯ್" ಸದ್ದಿಗೆ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಕೇಳಿ.

ವೀಣೆಮನೆ (ಶಿವಮೊಗ್ಗ)

ಇನ್‌ಸ್ಟ್ ಒತ್ತಿದೆ. ಅನುಮಂದ್ರ ಬಂತು! ಚಾರ್ಜರ್ ಕಿತ್ತ ಕೂಡಲೇ "ಗುಂಯ್" ಪೂರ್ತಿ ನಿಂತಿತು.

ಹಳೇಪೆಟ್ಟಿಗೆ (ಧಾರವಾಡ)

ಹಾಗಾದರೆ ಕಾರ್ಡಿನ ತಪ್ಪಲ್ಲ, ಚಾರ್ಜರ್‌ದು ಇಲ್ಲಾ ಮನೆಯ ಅರ್ಥಿಂಗ್‌ದು. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ತೂತಿಗೆ ತಂತಿಯೇ ಇರುವುದಿಲ್ಲ. ಒಂದು ಕೈಮುಗಿದು ಹೇಳುವ ಮಾತು: ಸದ್ದು ನಿಲ್ಲುತ್ತದೆ ಅಂತ ಯಾರಾದರೂ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಲು ಹೇಳಿದರೆ ಕೇಳಬೇಡ್ರಿ. ತಂತಿ ವಾದ್ಯ, ಬರಿಗೈ, ತಾಯಿ ನೆಲದ ಮೇಲೆ ಕೂತಿರುತ್ತಾರ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸ್ರಿ. ಅಲ್ಲಿವರೆಗೆ ಬ್ಯಾಟರಿ ಮೇಲೇ ರೆಕಾರ್ಡ್ ಮಾಡ್ರಿ.

ಕೆರೆದಂಡೆ (ಮೈಸೂರು)

ಹಳೇಪೆಟ್ಟಿಗೆಯವರ ಮಾತು ನೂರಕ್ಕೆ ನೂರು ಸರಿ.

ಇನ್ನು ಸೆಟ್ಟಿಂಗ್. ಕಾರ್ಡನ್ನು ಹಬ್ ಮೂಲಕ ಹಾಕಬೇಡಿ, ನೇರ ಲ್ಯಾಪ್‌ಟಾಪ್‌ಗೇ ಹಾಕಿ. ಆರ್ಡೌರ್ ತೆರೆದಾಗ ಆಡಿಯೋ ವ್ಯವಸ್ಥೆ ಅಂತ ಕೇಳುತ್ತದೆ, ಅಲ್ಲಿ ಆಲ್ಸಾ ಆರಿಸಿ, ಕಾರ್ಡಿನ ಹೆಸರು ಆರಿಸಿ. ಆಗ ಆರ್ಡೌರ್ ಒಂದೇ ಆ ಕಾರ್ಡನ್ನು ಹಿಡಿದುಕೊಳ್ಳುತ್ತದೆ, ಮೆಸೇಜ್ ಬಂದ ಸದ್ದು ಹೆಡ್‌ಫೋನಿಗೆ ನುಗ್ಗುವುದಿಲ್ಲ. ಸೆಕೆಂಡಿಗೆ 48,000 ಅಳತೆ, ಬಫರ್ 1024. 192 ಕಿಲೋಹರ್ಟ್ಸ್‌ಗೆ (ಸೆಕೆಂಡಿಗೆ 1,92,000 ಅಳತೆ) ಏರಿಸುವ ಆಸೆ ಬೇಡ, ಫೈಲು ನಾಲ್ಕು ಪಟ್ಟು ಆಗುತ್ತದೆ, ಕಿವಿಗೆ ಏನೂ ಜಾಸ್ತಿ ಸಿಗುವುದಿಲ್ಲ. 24 ಬಿಟ್ ಮಾತ್ರ ಬಿಡಬೇಡಿ. ಅದರಿಂದಲೇ ಗೇನ್ ತಗ್ಗಿಸಿ ಇಡುವ ಧೈರ್ಯ ಬರುವುದು. ಅಮ್ಮ ಜೋರಾಗಿ ಮೀಟಿದಾಗಲೂ ಆರ್ಡೌರ್‌ನ ಲೆವೆಲ್ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಎರಡು ಟ್ರ್ಯಾಕ್, 24 ಬಿಟ್, ಗಂಟೆಗೆ ಸುಮಾರು 1 ಜಿಬಿ. ಮುಗಿದ ಮೇಲೆ ಫ್ಲ್ಯಾಕ್ ಅನ್ನುವ ಬಗೆಯ ಫೈಲು ಮಾಡಿಡಿ, ಧ್ವನಿಯಲ್ಲಿ ಒಂದು ಎಳೆಯೂ ಕಳೆಯುವುದಿಲ್ಲ, ಜಾಗ ಉಳಿಯುತ್ತದೆ. ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ.

ಮೈಕ್ ಎಲ್ಲಿಡುತ್ತೀರಿ?

ವೀಣೆಮನೆ (ಶಿವಮೊಗ್ಗ)

ಮೂರು ದಿನ ಜಾಗ ಬದಲಿಸಿ ನೋಡಿದೆವು. ಮೊದಲು ಕೊಡದ ಮುಂದೆ ಒಂದು ಅಡಿ ದೂರ ಇಟ್ಟೆ. ಸದ್ದು ಚೆನ್ನಾಗಿತ್ತು, ಆದರೆ ತಾಳದ ತಂತಿ ಜಾಸ್ತಿ ಕೇಳುತ್ತಿತ್ತು. ಅಮ್ಮ ಕಣ್ಣು ಮುಚ್ಚಿ ಕೇಳಿ, "ಕುದುರೆ ಕಡೆ ನೋಡೋದು ಬಿಡು, ಸ್ವಲ್ಪ ಮೇಲಿಂದ ನೋಡಲಿ" ಅಂದರು. ಕುದುರೆ ಅಂದರೆ ಕೊಡದ ಮೇಲೆ ತಂತಿಗಳನ್ನು ಹೊತ್ತಿರುವ ಮಣೆ. ಒಂದೂವರೆ ಅಡಿ ದೂರ, ದಂಡಿ ಕಡೆಗೆ ಓರೆಯಾಗಿ, ಅಮ್ಮನ ಗಲ್ಲಕ್ಕಿಂತ ಕೆಳಗೆ ಇಟ್ಟೆ. ಸಾಹಿತ್ಯ ಹೇಳುವ ದನಿಯೂ ಅದಕ್ಕೇ ಬೀಳುತ್ತದೆ. ಪಿಕಪ್ ಟ್ರ್ಯಾಕನ್ನು ಹಿಂದೆ ಮೆಲ್ಲಗೆ ಸೇರಿಸಿದರೆ ಮಂದ್ರ ತುಂಬಿಕೊಳ್ಳುತ್ತದೆ.

ಬ್ಯಾಟರಿ ಒಂದೂವರೆ ಗಂಟೆ ಬರುತ್ತದೆ. ಅಮ್ಮನಿಗೆ ಅರ್ಧ ಗಂಟೆಯೇ ಸಾಕು. ಬೆಳಗ್ಗೆ ಆರಕ್ಕೆ ಶುರು ಮಾಡುತ್ತೇವೆ, ಆಗ ರಸ್ತೆಯಲ್ಲಿ ಗಾಡಿ ಇರುವುದಿಲ್ಲ. ಫ್ಯಾನ್ ಆಫ್, ಫ್ರಿಜ್ ಆಫ್. ಫ್ರಿಜ್ ಮತ್ತೆ ಆನ್ ಮಾಡಲು ಮರೆಯಬಾರದು ಅಂತ ಮಗಳು ಅದರ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ.

ಕೀಬೋರ್ಡ್ ಹುಡುಗ (ಬೆಂಗಳೂರು)

ಎಕ್ಸ್‌ರನ್ ಏನಾದರೂ ಬಂತಾ ಅಕ್ಕಾ?

ವೀಣೆಮನೆ (ಶಿವಮೊಗ್ಗ)

ಒಂದೂ ಇಲ್ಲ. ಇವತ್ತಿಗೆ ಹನ್ನೊಂದು ಕೃತಿ ಆಯಿತು. ನಿನ್ನೆ ಅಮ್ಮ ಹೆಡ್‌ಫೋನ್ ಹಾಕಿಕೊಂಡು ತಮ್ಮದೇ ತೋಡಿ ರಾಗ ಕೇಳಿದರು. ಗಾಂಧಾರದ ಒಂದು ಕಡೆ ನಿಲ್ಲಿಸಲು ಹೇಳಿ, ಮತ್ತೆ ಹಿಂದಕ್ಕೆ ಹಾಕಿಸಿ, ಮೂರು ಸಲ ಕೇಳಿದರು. ಆಮೇಲೆ "ಇದು ನಮ್ಮ ಗುರುಗಳ ಕೈ" ಅಂದರು. ನಾಳೆ ಹನ್ನೆರಡನೇದು.